ಹದಿನಾಲ್ಕನೇ ಪ್ರಶ್ನೆ

ನಮ್ಮ ಶಾಂತಾಳ ಮಾತೆತ್ತಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗದಗಿನವಳು. ವಡೋದರಾದ ಅಲಕಾಪುರಿಯಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಆಫೀಸು. ಅಲ್ಲಿ ಹೊಸಬರನ್ನು ಆರಿಸುವ ವಿಭಾಗದಲ್ಲಿ ನಾವಿಬ್ಬರೂ ಗುತ್ತಿಗೆಯ ಮೇಲಿದ್ದೆವು. ಇಂಟರ್‌ವ್ಯೂಗೆ ಮೊದಲು ಎಲ್ಲರೂ ನಲವತ್ತು ಪ್ರಶ್ನೆಗಳ ಪರೀಕ್ಷೆ ಬರೆಯಬೇಕು. ಮೂವತ್ತು ಸರಿಯಾದರೆ ಒಳಗೆ, ಇಪ್ಪತ್ತೊಂಬತ್ತಾದರೆ ಮನೆಗೆ. ಮುಖ್ಯ ಕಚೇರಿ ಕಳಿಸಿದ ಉತ್ತರಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುವವಳು ಶಾಂತಾ. ಬಿದ್ದವರಿಗೆ ಫೋನ್ ಮಾಡಿ ಹೇಳುವವಳೂ ಅವಳೇ.

ಸೇರಿದ ಎರಡನೇ ತಿಂಗಳಲ್ಲೇ ಹದಿನಾಲ್ಕನೇ ಪ್ರಶ್ನೆ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ಕಬ್ಬಿಣದ ಕಂಬಿಯನ್ನು ಎರಡು ತುಂಡು ಮಾಡಲು ಹತ್ತು ನಿಮಿಷ ಬೇಕು. ಒಂದು ಸಲಕ್ಕೆ ಒಂದೇ ಕಡೆ ಕೊಯ್ದರೆ ನಾಲ್ಕು ತುಂಡಿಗೆ ಎಷ್ಟು ಹೊತ್ತು? ಪಟ್ಟಿಯಲ್ಲಿ ಇಪ್ಪತ್ತು ಎಂದಿತ್ತು. ಊಟದ ಡಬ್ಬಿಯಿಂದ ಸೌತೆಕಾಯಿ ತೆಗೆದು ನನ್ನೆದುರಿಗೇ ಕೊಯ್ದಳು.

"ಎಣಸು ನೀಲಾ. ನಾಕ ತುಂಡು, ಮೂರ ಸಲ ಕೊಯ್ದೆ. ಮೂವತ್ತ ನಿಮಿಷ ಅಲ್ಲೇನ?"

ಹೌದಲ್ಲ! ನಮ್ಮ ಮ್ಯಾನೇಜರ್ ರಾಕೇಶ್ ಪರೀಖ್ ಅವರ ಹತ್ತಿರ ಹೋದಳು. "ಮುಖ್ಯ ಕಚೇರಿಯ ಪಟ್ಟಿ ತಿದ್ದೋಕೆ ನೀವ್ಯಾರು? ಇದ್ದ ಹಾಗೆ ಹಾಕಿ" ಎಂದು ಅವರು ಗದರಿದರು. ಇವಳು ಇದ್ದ ಹಾಗೇ ಹಾಕಿದಳು. ಮೂವತ್ತು ಎಂದು ಬರೆದವರಿಗೆಲ್ಲ ಎರಡು ವರ್ಷ ಕೆಂಪು ಗೆರೆ ಬಿತ್ತು.

೨೦೦೪ರ ಜನವರಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿ ಒಂದು ಕಾಯಂ ಜಾಗ ಬಂತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ನಮ್ಮ ಶಾಂತಾಳಿಗೆಂದೇ ಮಾಡಿಸಿದಂತಿತ್ತು. ಸಂಜೆ ಕ್ಲಾಸಿಗೆ ಹೋಗಿ ಓದಿಯೂ ಇದ್ದಳು. ಮಾರ್ಚಿಗೆ ಗುತ್ತಿಗೆ ಮುಗಿಯುತ್ತಿತ್ತು, ಈ ಜಾಗ ತಪ್ಪಿದರೆ ಇಲ್ಲಿ ಇನ್ನೊಂದಿಲ್ಲ. ಪರೀಖ್ ಸಾಹೇಬರು, "ಬೇರೆ ಪೇಪರ್ ಇಲ್ಲ, ಇದನ್ನೇ ಬರೆಯಿರಿ" ಎಂದರು. ತಿದ್ದುವ ಕೆಲಸ ನನಗೆ ಬಂತು.

ಮೂವತ್ತೊಂಬತ್ತು! ಪಟ್ಟಿಯ ಪ್ರಕಾರ ತಪ್ಪಾದದ್ದು ಹದಿನಾಲ್ಕನೆಯದೊಂದೇ, ಅಲ್ಲಿ ಮೂವತ್ತು ಎಂದೇ ಬರೆದಿದ್ದಳು.

ಸಾಹೇಬರು ಉತ್ತರಪತ್ರಿಕೆ ನೋಡಿ ನಕ್ಕರು. "ಪಟ್ಟಿ ನಿಮಗೆ ಬಾಯಿಪಾಠ. ಇದನ್ನ ಹೇಗೆ ನಂಬಲಿ?"

"ಪಟ್ಟಿ ನೋಡಿ ಬರೆದಿದ್ದರೆ ಹದಿನಾಲ್ಕಕ್ಕೆ ಇಪ್ಪತ್ತು ಅಂತ ಬರೀತಿದ್ದೆ, ಸರ್. ನಾನು ಲೆಕ್ಕ ಮಾಡಿ ಬರೆದೆ."

ಸಾಹೇಬರ ನಗು ನಿಂತಿತು. ಕಾಗದದ ಮೇಲೆ ಗೆರೆ ಎಳೆದು ಮೂರು ಕಡೆ ಅಡ್ಡ ಹಾಕಿದರು. "ಸರಿ, ನಾಳೆ ಇಂಟರ್‌ವ್ಯೂ. ಜಾಗ ನಿಮ್ಮದೇ ಅಂದ್ಕೊಳ್ಳಿ. ಪಟ್ಟೀನ ಮುಂದಿನ ಸಲದಿಂದ ತಿದ್ದೋಣ" ಎಂದರು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಬರಬಾರದೇ ಪುಣ್ಯಾತ್ಗಿತ್ತಿ? ಡ್ರಾಯರಿನಿಂದ ಒಂದು ನೋಟ್‌ಬುಕ್ ತಂದು ಅವರ ಮುಂದಿಟ್ಟಳು. ಹದಿನಾಲ್ಕನ್ನು ಸರಿಯಾಗಿ ಬರೆದೂ ಆ ಒಂದೇ ಅಂಕಕ್ಕೆ ಬಿದ್ದವರು, ಹನ್ನೊಂದು ಜನ. ಹೆಸರು, ಊರು, ಫೋನ್ ನಂಬರು.

"ಮೊದಲು ಇವರನ್ನ ಕರೀಬೇಕು, ಸರ್."

"ಇರೋದು ಒಂದೇ ಜಾಗ. ಇವರು ಬಂದರೆ ನಿಮಗೇ ಪೈಪೋಟಿ."

"ಗೊತ್ತು ಸರ್."

ಸಾಹೇಬರು ಇಂಟರ್‌ವ್ಯೂ ಒಂದು ವಾರ ಮುಂದಕ್ಕೆ ಹಾಕಿ ಒಪ್ಪಿದರು. ಹೊರಗೆ ಬಂದ ಮೇಲೆ ನಾನು ಅವಳನ್ನು ತರಾಟೆಗೆ ತಗೊಂಡೆ. "ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಾರೇನೇ? ನಿನಗೇನು ಹುಚ್ಚಾ?"

"ಸುಮ್ನಿರ ನೀಲಾ. ಕೆಂಪ ಪೆನ್ನ ಹಿಡದಾಕಿ ನಾನಲ್ಲೇನ?" ಎಂದು ರಿಸೀವರ್ ಎತ್ತಿಕೊಂಡಳು.

ಇಬ್ಬರ ನಂಬರು ಬದಲಾಗಿತ್ತು, ನಾಲ್ವರಿಗೆ ಬೇರೆ ಕೆಲಸ ಸಿಕ್ಕಿತ್ತು. ಹಳೇ ಪರೀಕ್ಷೆಯಲ್ಲಿ ಪಾಸಾಗಿದ್ದೀರಿ ಎಂದಷ್ಟೇ ಕೇಳಿ ಉಳಿದ ಐದು ಜನ ಬಂದರು. ಶಾಂತಾಳನ್ನೂ ಸೇರಿಸಿ ಆರು ಜನರ ಇಂಟರ್‌ವ್ಯೂ ನಡೆಯಿತು. ಜಾಗ ಸೂರತ್ತಿನ ಅಡಾಜಣ್‌ನ ಪ್ರಾರ್ಥನಾ ದೇಸಾಯಿ ಎಂಬವಳಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಇವಳು ಊಟದ ಡಬ್ಬಿ ತೊಳೆಯುತ್ತಿದ್ದಳು. ಅಹಮದಾಬಾದಿನ ಒಂದು ಸಣ್ಣ ಕಂಪನಿಗೆ ಅರ್ಜಿ ಹಾಕಿದಳು.

ಪ್ರಾರ್ಥನಾ ಕೆಲಸಕ್ಕೆ ಸೇರಿದ್ದು ಶಾಂತಾಳ ಗುತ್ತಿಗೆಯ ಕೊನೆಯ ವಾರದಲ್ಲಿ. ಆ ಹುಡುಗಿ ಸಹಿ ಹಾಕಲು ನಮ್ಮ ಮೇಜಿಗೆ ಬಂದವಳು ಶಾಂತಾಳ ದನಿ ಗುರುತು ಹಿಡಿದಳು.

"ದೀದಿ, ಎರಡು ವರ್ಷದ ಹಿಂದೆ ಫೋನಿನಲ್ಲಿ ಫೇಲ್ ಅಂದವರು ನೀವೇ ಅಲ್ವಾ? ಮನೇಲಿ ಎಷ್ಟು ಬೈಸಿಕೊಂಡೆ ಗೊತ್ತಾ! ಈಗ ಅದೇ ಪೇಪರಿನಲ್ಲಿ ಹೇಗೆ ಪಾಸಾದೆ?"

ಶಾಂತಾ ಪೆನ್ನು ಅವಳ ಕೈಗೆ ಕೊಟ್ಟಳು.

"ಆವತ್ತೇ ಪಾಸಾಗಿದ್ರಿ. ತಪ್ಪು ಹಾಕಿದವಳು ನಾನು."