ಎದುರು ಮನೆ ಅಕ್ಕನ ಜಪಾನ್ ರೈಲು

ಎದುರು ಮನೆ ಅಕ್ಕ ಜಪಾನಿಗೆ ಹೋಗದೆ ಉಳಿದದ್ದಕ್ಕೆ ಯಾರೂ ಕಾರಣರಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಚೆನ್ನಾಗಿ ನಿಂತಿತ್ತು, ಅಷ್ಟೇ. ಊರಿನವರು ಏನೇನೋ ಹೇಳಿದರು. ಗಂಡ ಬಿಡಲಿಲ್ಲ ಅಂದರು, ಸೊಸೆ ಪಾಸ್‌ಪೋರ್ಟು ಬಚ್ಚಿಟ್ಟಳು ಅಂದರು, ಜಪಾನಿನವರು ಸುಮ್ಮನೆ ಬಾಯಿಮಾತಿಗೆ ಕರೆದಿದ್ದರು ಅಂದರು. ಎಲ್ಲ ಸುಳ್ಳು. ಅವಳ ಜೊತೆ ಹೊರಡಬೇಕಾಗಿದ್ದವಳು ನಾನು. ನನಗೆ ಗೊತ್ತು.

ಹೋದ ವಾರ ನನ್ನ ಸೊಸೆ ಹುಳದ ಮನೆಯ ಅಟ್ಟ ಗುಡಿಸುವಾಗ ಒಂದು ಹಳೆಯ ಚಂದ್ರಿಕೆಯನ್ನು ಕೆಳಗಿಳಿಸಿದಳು. ಚಂದ್ರಿಕೆ ಅಂದರೆ ಬಿದಿರಿನ ಅಗಲವಾದ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಮೇದು ಮುಗಿಸಿ ಹಣ್ಣಾದ ರೇಷ್ಮೆ ಹುಳವನ್ನು ಅಲ್ಲಿಗೆ ಬಿಟ್ಟರೆ ಆ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಈಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ಕಿನದು. ಧೂಳು ಕೊಡವಿದ ಕೂಡಲೇ ವಾಸನೆ ಬಂತು. ಹುಳದ ಉಚ್ಚೆ, ಒಣಗಿದ ಸೊಪ್ಪು, ಸುಣ್ಣ, ಮೂರೂ ಸೇರಿದ ವಾಸನೆ. ಒಳ್ಳೆಯ ವಾಸನೆ ಅಂತ ಹೇಳುವುದಿಲ್ಲ. ಆದರೆ ಅಕ್ಕನ ಸೀರೆಗೆ ಯಾವಾಗಲೂ ಅದೇ ವಾಸನೆ ಇರುತ್ತಿತ್ತು...

"ನೀರೊಲೆಗೆ ಹಾಕ್ಲಾ ಅತ್ತೆ?" ಅಂದಳು ಸೊಸೆ.

"ಇರು," ಅಂದೆ. ಸುರುಳಿಯ ನಡುವೆ ಅಲ್ಲಲ್ಲಿ ಒಂದೊಂದು ಗೂಡು ಇನ್ನೂ ಅಂಟಿಕೊಂಡಿತ್ತು. ಚಿಟ್ಟೆ ಕೊರೆದು ಹೊರಟುಹೋದ ತೂತುಗೂಡು. ಮಾರಿದರೆ ಯಾರೂ ಕೊಳ್ಳುವುದಿಲ್ಲ. ಅವನ್ನು ಅಲ್ಲಿ ಅಂಟಿಸಿದವಳು ಅಕ್ಕ. ಒಂದೊಂದು ಗೂಡೂ ಒಂದೊಂದು ಊರು. ಚಂದ್ರಿಕೆಯ ಸುರುಳಿ ರೈಲಿನ ದಾರಿ.

ನಮ್ಮದು ಮೇಲೂರು. ಮನೆ ಮನೆಗೂ ಹುಳ. ಅಕ್ಕ ಕೈವಾರದ ಕಡೆಯವಳು. ಚಿಂತಾಮಣಿಯಲ್ಲಿ ಚಿಕ್ಕ ರೈಲು ಹತ್ತಿ ಶಿಡ್ಲಘಟ್ಟದಲ್ಲಿ ಇಳಿದು ಮದುವಣಗಿತ್ತಿಯಾಗಿ ಈ ಊರಿಗೆ ಬಂದವಳು. ಆ ರೈಲು ಎಷ್ಟು ನಿಧಾನವೆಂದರೆ ದಾರಿಯಲ್ಲಿ ಅವಳ ಮಾವ ಇಳಿದು ಹೊಲದಲ್ಲಿ ಅವರೆಕಾಯಿ ಕಿತ್ತುಕೊಂಡು ಮತ್ತೆ ಹತ್ತಿದರಂತೆ. ಇದನ್ನು ಅವಳು ಸಾಯುವ ತನಕ ಹೇಳಿದಳು. ನಾನು ಸಾಯುವ ತನಕ ನಂಬುವುದಿಲ್ಲ. ಆಮೇಲೆ ಆ ರೈಲು ನಿಂತುಹೋಯಿತು. ಹಳಿ ಕಿತ್ತರು. ದೊಡ್ಡ ರೈಲು ಬರುತ್ತದೆ ಅಂತ ಹೇಳುತ್ತಲೇ ವರ್ಷಗಳು ಹೋದವು. ಅಕ್ಕನಿಗೆ ಹುಳ ಬಿಟ್ಟರೆ ಜಗತ್ತಿನಲ್ಲಿ ಇಷ್ಟವಾದದ್ದು ರೈಲು. ಊರಿನಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಬಿಳಿ ಗೂಡು ಕಟ್ಟುವ ತಳಿಯನ್ನು ನಮ್ಮ ಕಡೆ ಬೆಳೆಸುವುದಕ್ಕೆ ಕಲಿಸಲು ಜಪಾನಿನಿಂದ ಒಬ್ಬರು ಬರುತ್ತಿದ್ದರು. ಜೊತೆಗೆ ಅವರ ಮಾತನ್ನು ಕನ್ನಡ ಮಾಡಿ ಹೇಳುವ ಒಬ್ಬ ಹುಡುಗಿ. ಆತ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಾಲು ತೊಳೆದು, ಹುಳದ ಮನೆಗೆ ದೇವಸ್ಥಾನಕ್ಕೆ ಹೋಗುವಂತೆ ತಲೆ ಬಗ್ಗಿಸಿ ಹೋಗುತ್ತಿದ್ದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಅವತ್ತಿನಿಂದ ಅವರು ಅವಳಿಗೆ ಅಣ್ಣ. ಒಂದು ಸಲ ಊಟಕ್ಕೆ ಕೂರಿಸಿ ಮುದ್ದೆ ಬಡಿಸಿದಳು. ಆತ ಬಾಯಿಗಿಟ್ಟುಕೊಂಡು ಅಗಿದರು, ಅಗಿದರು, ಅಗಿಯುತ್ತಲೇ ಇದ್ದರು.

"ಅಗೀಬೇಡಣ್ಣೋ! ನುಂಗು! ಅದು ಚೂಯಿಂಗ್ ಗಮ್ ಅಲ್ಲ!" ಅಂತ ಅಕ್ಕ ಕೂಗಿದಳು. ಆ ಹುಡುಗಿ ಅದನ್ನು ಏನಂತ ಹೇಳಿದಳೋ, ಆತ ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮುಂದಿನ ವರ್ಷ ಅವರ ಹೆಂಡತಿಯೂ ಬಂದರು. ಅಕ್ಕನ ಹುಳ ನೋಡಿ, ತೋಟ ನೋಡಿ, ವಸಂತದಲ್ಲಿ ನಮ್ಮ ಊರಿಗೆ ಬನ್ನಿ, ಮರವೆಲ್ಲ ಹೂವಾಗಿರುತ್ತದೆ, ರೈಲಿನಲ್ಲಿ ಊರೂರು ಸುತ್ತಿಸುತ್ತೇವೆ ಅಂದರು. ದೊಡ್ಡವರು ಹೊರಡುವಾಗ ಹಾಗೆ ಹೇಳುತ್ತಾರೆ, ನಾವು ತಲೆ ಆಡಿಸುತ್ತೇವೆ. ಅಕ್ಕ ತಲೆ ಆಡಿಸಲಿಲ್ಲ. "ಯುಗಾದಿಗೆ ಮುಂಚೇನಾ, ಆಮೇಲಾ?" ಅಂತ ಕೇಳಿದಳು. ಆ ಹೆಂಗಸು ಆ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯಂತೆಯೇ ತೆಗೆದುಕೊಂಡು, ಗಂಡನನ್ನು ಕೇಳಿ ಉತ್ತರ ಕೊಟ್ಟರು. ಹೀಗೆ ಶುರುವಾಯಿತು.

ಒಬ್ಬಳೇ ಹೋಗುವುದಿಲ್ಲ ಅಂದಳು. ನನ್ನನ್ನು ಎಳೆದಳು. ನಾನು ಮೂರನೇ ಕ್ಲಾಸು ಓದಿದವಳು, ಅವಳು ಅದೂ ಇಲ್ಲ. ನನ್ನ ಯಜಮಾನರು, "ಹೋಗಿ ಬಾ, ಮನೇಲಿ ಸ್ವಲ್ಪ ದಿನ ಸದ್ದು ಕಡಿಮೆಯಾಗುತ್ತೆ" ಅಂದರು. ಅಕ್ಕನ ಗಂಡನಂತೂ, "ಅಲ್ಲಿ ಮುದ್ದೆ ಇಲ್ಲ. ಮೂರನೇ ದಿನಕ್ಕೆ ವಾಪಸ್ ಬರ್ತಾಳೆ ಬಿಡಿ" ಅಂತ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಬಿಡುವುದಿಲ್ಲ ಅಂತ ಮಾತ್ರ ಒಂದು ದಿನವೂ ಅನ್ನಲಿಲ್ಲ. ಆ ವರ್ಷ ಬೆಳೆ ಕೈಹಿಡಿದಿತ್ತು, ಖರ್ಚಿನ ಚಿಂತೆಯೂ ಇರಲಿಲ್ಲ. ಪಾಸ್‌ಪೋರ್ಟು, ವೀಸಾ ಎಲ್ಲಕ್ಕೂ ಆ ಹುಡುಗಿಯೇ ಓಡಾಡಿದಳು.

ಚಂದ್ರಿಕೆಯನ್ನು ಅಕ್ಕ ತನ್ನ ಪಡಸಾಲೆಯ ಗೋಡೆಗೆ ಒರಗಿಸಿಟ್ಟಿದ್ದಳು. ಊರುಗಳ ಹೆಸರು ಬಾಯಿಗೆ ಹತ್ತುತ್ತಿರಲಿಲ್ಲ. ಅದಕ್ಕೇ ಗೂಡಿಗೊಂದು ಗುರುತು.

"ನೋಡೇ, ಇಲ್ಲಿ ವಿಮಾನ ಇಳಿಯೋದು. ಇಲ್ಲಿಂದ ಬಾತುಕೋಳಿ ಮೂತಿ ರೈಲು. ಇದು ಜಿಂಕೆ ಬೀದೀಲಿ ಓಡಾಡೋ ಊರು. ಇದು ಅಣ್ಣನ ಊರು, ಇಲ್ಲಿ ಹಿಪ್ಪುನೇರಳೆ ಮರದಷ್ಟು ಎತ್ತರಕ್ಕೆ ಬೆಳೀತದಂತೆ. ಇದು ಬಾಂಬು ಬಿದ್ದ ಊರು."

"ಅಲ್ಲಿಗೆ ಯಾಕಕ್ಕಾ? ಸಾವಾಗಿರೋ ಜಾಗ."

"ಅಲ್ಲಿಗೇ ಮೊದಲು ಹೋಗಬೇಕು ಅಂದೆ ನಾನು. ದಾರೀಲಿ ಕೊನೆಗೆ ಬರುತ್ತಂತೆ. ಅಷ್ಟು ಸುಟ್ಟ ನೆಲದಲ್ಲಿ ಮೊದಲು ಯಾವ ಗಿಡ ಚಿಗುರ್ತು ಅಂತ ಕೇಳಬೇಕು ಕಣೇ. ಯಾರಾದ್ರೂ ನೋಡಿದೋರು ಇದ್ದೇ ಇರ್ತಾರೆ."

ನನಗೆ ಜಿಂಕೆ ಊರು ಸಾಕಾಗಿತ್ತು. ಆದರೆ ಅವಳು ಆ ಕೊನೆಯ ಗೂಡನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಕಪ್ಪು ಮಾಡಿಟ್ಟಿದ್ದಳು.

ಜಪಾನಿನಲ್ಲಿ ರೈಲು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ ಅಂತ ಆ ಹುಡುಗಿ ಹೇಳಿದ್ದೇ ತಪ್ಪಾಯಿತು. ಅಕ್ಕ ತಾಲೀಮು ಮಾಡಬೇಕು ಅಂದಳು. ಚಿಕ್ಕಬಳ್ಳಾಪುರಕ್ಕೆ ಬಸ್ಸು, ಅಲ್ಲಿಂದ ಗೌರಿಬಿದನೂರಿಗೆ ಇನ್ನೊಂದು ಬಸ್ಸು. ಅಲ್ಲಿ ಹಿಂದೂಪುರದ ಕಡೆ ಹೋಗುವ ಪ್ಯಾಸೆಂಜರ್ ಹತ್ತಿದೆವು. ನಾನು ಕಿಟಕಿಯ ಪಕ್ಕ ಕೂತೆ. ಅವಳು ಕೂರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗು ಹಿಡಿದು ಇಳಿದಳು, ಮತ್ತೆ ಹತ್ತಿದಳು. ಸೀಬೆಹಣ್ಣು ಮಾರುವ ಹೆಂಗಸೊಬ್ಬಳು ನೋಡಿ ನೋಡಿ ತಡೆಯಲಾರದೆ, "ಏಮಮ್ಮಾ, ದಿಗ್ತಾವಾ ಎಕ್ತಾವಾ?" ಅಂದಳು. ಇಳಿಯುತ್ತೀಯೋ ಹತ್ತುತ್ತೀಯೋ ಅಂತ.

"ಜಪಾನ್‌ಕು ಪೋವಲ್ಲ," ಅಂದಳು ಅಕ್ಕ. ಜಪಾನಿಗೆ ಹೋಗಬೇಕು.

"ಅದಿ ಹಿಂದೂಪುರಂ ಕಾಡ ಉಂದಾ?" ಅದು ಹಿಂದೂಪುರದ ಹತ್ತಿರ ಇದೆಯಾ?

"ಹಿಂದೂಪುರಂ ದಾಟಿನಂಕ," ಅಂದಳು ಅಕ್ಕ, ಒಂದಿಷ್ಟೂ ನಗದೆ. ದಾಟಿದ ಮೇಲೆ. ಸುಳ್ಳೇನಲ್ಲ.

ಈಗ ಸೊಪ್ಪಿನ ವಿಚಾರ.

ಹೊರಡುವುದಕ್ಕೆ ಮುಂಚಿನ ಬೆಳೆಗೆ ಹುಳ ತರದೆ ಬಿಡುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ನಾನು ಬಿಟ್ಟೆ, ನನ್ನ ತೋಟದ ಸೊಪ್ಪನ್ನು ಬೇರೆಯವರಿಗೆ ಕೊಟ್ಟೆ. ಅಕ್ಕನ ತೋಟ ಆ ಸಲ ಎಂದೂ ಬಾರದ ಹಾಗೆ ಬಂತು. ಎಲೆ ಒಂದೊಂದೂ ಅಂಗೈಗಿಂತ ಅಗಲ, ಎಣ್ಣೆ ಹಚ್ಚಿದ ಹಾಗೆ ಹೊಳಪು. ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡುವಳು, ಸಂಜೆ ನಿಂತು ನೋಡುವಳು.

"ಇದನ್ನ ಹೆಂಗೆ ಬಿಟ್ಟು ಹೋಗ್ಲೇ?"

"ಮಾರು. ಇಲ್ಲಾ, ದನಕ್ಕೆ ಹಾಕು."

"ದನಕ್ಕಾ?" ಅಂತ ನನ್ನನ್ನೇ ದನವನ್ನು ನೋಡುವ ಹಾಗೆ ನೋಡಿದಳು. "ನಿನ್ನ ಬಾಯಲ್ಲಿ ಅದು ಹೆಂಗೆ ಬಂತೇ?"

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಹೋಗಿ ಚಾಕಿ ಹುಳ, ಅಂದರೆ ಮರಿಹುಳ, ತಂದಳು. ಹೊರಡುವುದರೊಳಗೆ ಹುಳ ಹಣ್ಣಾಗಿ ಚಂದ್ರಿಕೆಗೆ ಏರಿರುತ್ತದೆ, ಗೂಡು ಬಿಡಿಸುವುದನ್ನು ಯಜಮಾನರೇ ಮಾಡುತ್ತಾರೆ ಅನ್ನುವುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಹವಾ ಸರಿಯಿರಲಿಲ್ಲ. ಎಲ್ಲಿಂದಲೋ ಮೋಡ ಬಂದು ಕೂತಿತು, ಗಾಳಿ ತಣ್ಣಗಾಯಿತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಹುಳ ಏಳುವುದೇ ತಡವಾಯಿತು. ಎದ್ದ ಮೇಲೆ ಅದರ ಹಸಿವು ಕೇಳಬೇಡಿ. ತಾಯಿ ಸತ್ತರೂ ಸೊಪ್ಪು ಹಾಕುವುದನ್ನು ನಿಲ್ಲಿಸುವ ಹಾಗಿಲ್ಲ.

ಹೊರಡುವ ಬೆಳಿಗ್ಗೆ ಕಾರು ಬಂದು ನಿಂತಿತು. ನಾನು ಸ್ವೆಟರು ಹಾಕಿಕೊಂಡು, ಕಾಲಿಗೆ ಹೊಸ ಬೂಟು ಹಾಕಿಕೊಂಡು ಬೀದಿಗೆ ಬಂದೆ. ಅಕ್ಕ ಹಳೇ ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದಳು.

"ನಾನು ನೋಡ್ಕೋತೀನಿ, ಹೋಗೇ," ಅಂದರು ಅವಳ ಗಂಡ. ಕೈಮುಗಿದು ಅಂದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

"ನೀವಾ? ನೀವು ಕರುವಿಗೆ ಎಸ್ದಂಗೆ ಎಸೀತೀರ. ಮುಕ್ಕಾಲು ಹುಳ ಉಪವಾಸ ಸಾಯುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಹೋಗು. ಜಿಂಕೆ ನೋಡ್ಕೊಂಡು ಬಾ."

"ನಿನ್ನ ಬಿಟ್ಟು ಹೋಗಿ ಅಲ್ಲಿ ಯಾರ ಮೂತಿ ನೋಡ್ಲಿ? ಬಾತುಕೋಳೀದಾ?"

ಕಾರು ವಾಪಸ್ ಹೋಯಿತು. ನಾನು ಬೂಟು ಬಿಚ್ಚಿಟ್ಟು ಅವಳ ಜೊತೆ ಸೊಪ್ಪು ಕತ್ತರಿಸುವುದಕ್ಕೆ ಕೂತೆ. ಸ್ವೆಟರು ಬಿಚ್ಚುವುದು ಮರೆತುಹೋಗಿತ್ತು. ಅವಳು ಅತ್ತಳಾ ಅಂದರೆ, ಇಲ್ಲ. ಹುಳದ ಮನೆಯಲ್ಲಿ ಅಳಬಾರದು ಅಂತ ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಆ ಬೆಳೆ ಚಿನ್ನದಂಥ ಗೂಡು ಕೊಟ್ಟಿತು. ಜಪಾನಿನ ಅಣ್ಣ ಫೋನಿನಲ್ಲಿ ಒಂದು ಬೇಜಾರಿನ ಮಾತೂ ಆಡಲಿಲ್ಲವಂತೆ. ಗೂಡು ಹೇಗೆ ಬಂತು ಅಂತ ಕೇಳಿದರಂತೆ. ಮುಂದಿನ ವಸಂತಕ್ಕೆ ಬನ್ನಿ ಅಂದರಂತೆ.

ಅಕ್ಕ ಚಂದ್ರಿಕೆಯನ್ನು ಮತ್ತೆ ಗೋಡೆಗೆ ಒರಗಿಸಿದಳು. ಈ ಸಲ ಅವಳಿಗೆ ತನ್ನ ಮೇಲೆಯೇ ನಂಬಿಕೆ ಇರಲಿಲ್ಲ. "ಹೊರಡೋಕೆ ಮುಂಚೆ ತೋಟಾನ ಬುಡಕ್ಕೆ ಕತ್ತರಿಸಿಬಿಡ್ತೀನಿ ಕಣೇ," ಅಂದಳು. "ಒಂದು ಎಲೆ ನಿಲ್ಲಬಾರದು. ನಿಂತ್ರೆ ನಾನು ಹೋಗಲ್ಲ. ನನಗೆ ಗೊತ್ತು ನನ್ನ ಬುದ್ಧಿ."

"ಕೈ ಬರುತ್ತಾ ನಿನಗೆ?"

"ಬರದಿದ್ರೆ ನೀನು ಕತ್ತರ್ಸು."

ಸಂಕ್ರಾಂತಿ ಕಳೆದ ಮೇಲಿನ ಬೆಳೆಯೇ ಕೊನೆಯದು ಅಂತ ಆಗಿತ್ತು. ಆ ಹುಳ ನಾಲ್ಕನೇ ಜ್ವರ ಎದ್ದು ಮೇಯುತ್ತಿರುವಾಗ, ಒಂದು ಮಧ್ಯಾಹ್ನ, ಅಕ್ಕ ತೋಟದಲ್ಲಿ ಕುಡುಗೋಲು ಕೈಯಲ್ಲಿ ಹಿಡಿದೇ ಕುಸಿದಳು. ಶಿಡ್ಲಘಟ್ಟದ ಆಸ್ಪತ್ರೆ ತಲುಪುವ ಮುಂಚೆಯೇ ಮುಗಿದಿತ್ತು. ಮೆದುಳಿನಲ್ಲಿ ರಕ್ತ ಸೋರಿದೆ ಅಂದರು. ಸಂಜೆ ಬೆಳಕಿರುವಾಗಲೇ ಮಣ್ಣು ಮಾಡಿ ಬಂದರು.

ಇವತ್ತು ಮೇಲೂರಿನಲ್ಲಿ ಅವಳನ್ನು ಕಂಡವರು ಬೆರಳೆಣಿಕೆ. ಅವಳ ಗಂಡನೂ ಹೋದರು, ಮಕ್ಕಳು ಹುಳ ಸಾಕುವುದು ಬಿಟ್ಟು ತೋಟಕ್ಕೆ ದ್ರಾಕ್ಷಿ ಹಾಕಿದ್ದಾರೆ. ಅವರು ಎಸೆಯಲು ಹೊರಟಿದ್ದ ಚಂದ್ರಿಕೆಯನ್ನು ನಾನೇ ಕೇಳಿ ತಂದು ನಮ್ಮ ಅಟ್ಟಕ್ಕೆ ಹಾಕಿದ್ದೆ. ಶಿಡ್ಲಘಟ್ಟಕ್ಕೆ ಮತ್ತೆ ರೈಲು ಬರುತ್ತಿದೆ, ದೊಡ್ಡ ರೈಲು. ಒಂದು ಸಲ ಚಿಂತಾಮಣಿಯ ತನಕ ಹೋಗಿ ಬಂದೆ. ಕಿಟಕಿಯ ಪಕ್ಕ ಕೂತೆ. ಸ್ಟೇಷನ್ನು ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ, ಯಾರಾದರೂ ಬ್ಯಾಗು ಹಿಡಿದು ಇಳಿದು ಹತ್ತುತ್ತಾರಾ ಅಂತ... ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದು ಎಷ್ಟು ವರ್ಷವಾಯಿತೋ. ಮತ್ತೆ ಮಾಡಿಸಲಿಲ್ಲ. ಜಪಾನಿಗೆ ಹೋಗುವ ಆಸೆ ನನ್ನದಾಗಿರಲಿಲ್ಲ. ಅವಳ ಜೊತೆ ಹೋಗುವ ಆಸೆ ನನ್ನದು. ಅದನ್ನು ಅವಳಿಗೆ ಹೇಳಿರಲಿಲ್ಲ, ಹೇಳುವ ಅಭ್ಯಾಸ ನಮ್ಮಲ್ಲಿ ಇರಲೂ ಇಲ್ಲ. ಚಂದ್ರಿಕೆಯನ್ನು ನೀರೊಲೆಗೆ ಹಾಕು ಅಂತ ಸೊಸೆಗೆ ಹೇಳಿದೆ. ಬಿದಿರಿಗೆ ಹುಳು ಹಿಡಿದಿತ್ತು, ಇಟ್ಟುಕೊಂಡು ಏನು ಮಾಡುವುದು. ಕಪ್ಪಾದ ಆ ಕೊನೆಯ ಗೂಡನ್ನು ಮಾತ್ರ ಬಿಡಿಸಿ ಎತ್ತಿಟ್ಟುಕೊಂಡಿದ್ದೇನೆ.

ಅವಳು ಸತ್ತ ದಿನದ ಮಾತೊಂದು ಬಾಕಿ ಇದೆ. ಸಾವಾದ ಮನೆಯವರು ಸೂತಕ ಕಳೆಯುವ ತನಕ ಹುಳದ ಮನೆಗೆ ಕಾಲಿಡುವ ಹಾಗಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಜಪಾನಿನ ಅಣ್ಣನೇ ಬಂದು ಹೇಳಿದ್ದರೂ ಅವತ್ತು ಯಾರೂ ಕೇಳುತ್ತಿರಲಿಲ್ಲ. ಗಂಡ, ಮಗ, ಸೊಸೆ ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಒಳಗೆ ಹುಳ ಹಸಿದಿತ್ತು. ನಮ್ಮದು ಬೇರೆ ಕುಲ, ಆ ಸೂತಕ ನನಗೆ ತಾಕುವುದಿಲ್ಲ.

ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಅವರ ಜಗಲಿ ದಾಟಿ ಹುಳದ ಮನೆಯ ಬಾಗಿಲು ತೆಗೆದೆ. ಹುಳವೆಲ್ಲ ತಲೆ ಎತ್ತಿಕೊಂಡು ಅತ್ತ ಇತ್ತ ಆಡಿಸುತ್ತಿತ್ತು. ಯಾರೋ ತೋಟದಿಂದ ತಂದು ಬಾಗಿಲ ಸಂದಿಗೆ ಸಿಕ್ಕಿಸಿದ್ದ ಅವಳ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದೆ. ಅವಳು ಬಿದ್ದ ಸಾಲಿನಿಂದ ಶುರುಮಾಡಿ ಸೊಪ್ಪನ್ನು ಬುಡಕ್ಕೆ ಕತ್ತರಿಸುತ್ತಾ ಬಂದೆ.