ಅತ್ತೆ ತಿದ್ದಿದ ಪರಿವಿಡಿ

ಹಳೆಯ ದಿನಚರಿಯ ನಡುವೆ ಇವತ್ತು ಒಂದು ಸಿ.ಡಿ. ಸಿಕ್ಕಿತು. ಮೇಲೆ ನನ್ನದೇ ಕೈಬರಹ: ‘ಅತ್ತೆಯ ಹುಳ, ನಾಲ್ಕನೇ ಸಲ’. ಮೊದಲ ಮೂರು ಸಲ ಏನಾಯಿತೆಂದು ನಾನು ಮರೆಯಲು ನೋಡಿದರೂ ದಿನಚರಿ ಬಿಡಬೇಕಲ್ಲ.

ಆಗ ನಾನು ಚನ್ನಪಟ್ಟಣದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಅಕ್ಕೂರಿನ ನನ್ನ ಸೋದರತ್ತೆ ಪುಟ್ಟತಾಯಮ್ಮ ರೇಷ್ಮೆಹುಳ ಸಾಕುವುದರಲ್ಲಿ ಪಳಗಿದವರು. ಅವರ ಮಗಳು ರತ್ನ ಮದುವೆಯಾಗಿ ಗುಡೇಮಾರನಹಳ್ಳಿ ಸೇರಿ, ಮೊದಲ ಸಲ ತಾನೇ ಹುಳ ಸಾಕಲು ಹೊರಟಿದ್ದಳು. ಆ ಮನೆಯಲ್ಲಿ ಹುಳದ ವಿಷಯ ಬಲ್ಲವರಿರಲಿಲ್ಲ, ಕಂಪ್ಯೂಟರ್ ಇತ್ತು. ಅತ್ತೆ ಹೇಳಿದ್ದನ್ನೆಲ್ಲ ಇ-ಪುಸ್ತಕ ಮಾಡಿಕೊಡುತ್ತೇನೆಂದು ನಾನೇ ಮುಂದೆ ಬಿದ್ದೆ.

ಒಂಬತ್ತು ಭಾನುವಾರ, ಹನ್ನೆರಡು ಅಧ್ಯಾಯ. ಪರಿವಿಡಿಗೆ ಚುಕ್ಕಿಗಳ ಸಾಲು, ಬಲತುದಿಗೆ ಪುಟಸಂಖ್ಯೆ. ಚುಕ್ಕಿಗಳನ್ನೂ ಎಣಿಸಿಯೇ ಒತ್ತಿದ್ದೆ. ಅತ್ತೆಯ ಕಣ್ಣಿಗೆ ಕಾಣಲೆಂದು ಅಕ್ಷರ ದೊಡ್ಡದು ಮಾಡಿದ್ದೇ ತಡ, ಪುಟಗಳೆಲ್ಲ ಸರಿದು ಒಂದು ಸಂಖ್ಯೆಯೂ ಹೊಂದಲಿಲ್ಲ. ಮತ್ತೆ ಎಣಿಸಿದೆ, ಮತ್ತೆ ಕೆಟ್ಟಿತು. ಮೂರನೇ ಸಲ ಸಂಖ್ಯೆಗಳನ್ನೇ ಕಿತ್ತುಹಾಕಿ, ಹೆಸರು ಒತ್ತಿದರೆ ಆ ಭಾಗವೇ ತೆರೆಯುವಂತೆ ಮಾಡಿದೆ. ಗೆದ್ದೆನೆಂದುಕೊಂಡೆ.

ಕಂಪ್ಯೂಟರ್ ಮುಂದೆ ಕೂತ ಅತ್ತೆ ಕನ್ನಡಕ ಸರಿಮಾಡಿಕೊಂಡು, “ನಾನೇ ರತ್ನ ಅಂದ್ಕೊ. ಹುಳ ಸೊಪ್ಪು ತಿಂತಿಲ್ಲ. ಎಲ್ ನೋಡ್ಲಿ ಹೇಳವ್ವ?” ಎಂದರು.

“ಏಳ್ನೇ ಅಧ್ಯಾಯ ಅತ್ತೆ. ‘ರೋಗಗಳು’.”

“ರೋಗ ಅಂತ ಯಾರ್ ಹೇಳುದ್ರು ನಿಂಗೆ? ತಲೆ ಎತ್ಕೊಂಡು ಅಲ್ಲಾಡ್ದೆ ಕೂತಿದ್ರೆ ಜ್ವರಕ್ಕೆ ಕೂತವೆ, ಹಳೇ ಪೊರೆ ಬುಟ್ಟು ಮತ್ತೆ ತಿಂತವೆ, ಅಷ್ಟೆಯ. ನಿನ್ ಏಳು ಓದ್ಕೊಂಡು ರತ್ನ ಔಸ್ದಿ ಸುರುದ್ಬುಟ್ರೆ?”

“ಜ್ವರ ನಾಕ್ನೇ ಅಧ್ಯಾಯ್ದಲ್ಲಿ ಐತಲ್ಲ.”

“ನಾನು ನಾಕ್ನೇದು ಅಂತ ಹುಳ ಬಂದ್ ಹೇಳ್ತದಾ? ಅವಳ ಕಣ್ಣಿಗೆ ಏನ್ ಕಾಣ್ತದೋ ಅದ ಬರಿ.”

ಬರೆದೆ. ‘ಹುಳ ಸೊಪ್ಪು ತಿನ್ನುತ್ತಿಲ್ಲ’ ಎಂದು ದಪ್ಪಕ್ಷರದಲ್ಲಿ. ಅದರ ಕೆಳಗೆ ಒಸಿ ಒಳಕ್ಕೆ ಸರಿಸಿ ‘ತಲೆ ಎತ್ತಿ ಕೂತಿದೆ’, ‘ಮೈ ಊದಿ ಹಾಲಿನಂತೆ ಸೋರುತ್ತಿದೆ’, ‘ಮುಟ್ಟಿದರೆ ಮೆತ್ತಗಿದೆ’. ಒಟ್ಟು ಮೂವತ್ತೊಂದು ಸಾಲು. ಹನ್ನೆರಡು ಅಧ್ಯಾಯ ಹೋದ ಸಿಟ್ಟಿಗೆ ಅತ್ತೆಯೊಡನೆ ಎರಡು ದಿನ ಮಾತು ಬಿಟ್ಟಿದ್ದೆ. ಅದೂ ದಿನಚರಿಯಲ್ಲಿದೆ.

ಸಿ.ಡಿ.ಯ ಒಂದು ಪ್ರತಿ ರತ್ನಳಿಗೆ ಹೋಯಿತು. ತಿಂಗಳೊಳಗೆ ಅವಳು ಅಂಗಡಿಗೆ ಫೋನ್ ಮಾಡಿದಳು. “ಏನೇ, ಹುಳ ಎಲ್ಲಾ ತಲೆ ಎತ್ಕೊಂಡು ಕೂತ್ಬುಟ್ಟಿದ್ವು! ನಮ್ ಯಜಮಾನ್ರು ಔಸ್ದಿ ಹಾಕು ಅಂತ ಒಂದೇ ಸಮ. ಕಂಪ್ಯೂಟರಲ್ಲಿ ಎರಡ್ ಸಲ ಒತ್ತಿ ನೋಡ್ದೆ, ಜ್ವರ ಅಂತಿತ್ತು, ಔಸ್ದಿ ಮುಟ್ಲಿಲ್ಲ. ಇವತ್ತು ಪೊರೆ ಬುಟ್ಟು ಸೊಪ್ಪು ಕೇಳ್ತಾವೆ ಕಣೆ.”

ಈಗ ನನ್ನ ಮೇಜಿನ ಮೇಲೆ ಬೇರೊಬ್ಬರ ಪುಸ್ತಕವಿದೆ, ಪಂಪ್‌ಸೆಟ್ ರಿಪೇರಿಯದು. ಬೆಳಿಗ್ಗೆ ಅದಕ್ಕೆ ಅಧ್ಯಾಯ ಒಂದು, ಎರಡು, ಮೂರು ಎಂದು ಪರಿವಿಡಿ ಹಾಕಿ ಮುಗಿಸಿದ್ದೆ. ಸಿ.ಡಿ.ಯನ್ನು ದಿನಚರಿಯೊಳಗೆ ಇಟ್ಟು, ಬೆಳಿಗ್ಗೆ ಹಾಕಿದ ಪರಿವಿಡಿಯನ್ನೆಲ್ಲ ಅಳಿಸಿದೆ. ಹೊಸದರ ಮೊದಲ ಸಾಲು: ‘ಮೋಟರ್ ಓಡುತ್ತಿದೆ, ನೀರು ಬರುತ್ತಿಲ್ಲ’.