ಹೆಸರಿನ ಜಾಗ

ಕುಂದಾಪುರದ ನಮ್ಮ ಶ್ರೀಶರು ಮದುವೆ ಮನೆಗಳಿಗೆ ಕಂಪ್ಯೂಟರಿನಲ್ಲಿ ಪಿಎಚ್‌ಪಿ ಪ್ರೋಗ್ರಾಂ ಬರೆದು ಆಮಂತ್ರಣ ಸಿದ್ಧಪಡಿಸುವವರು. ಒಕ್ಕಣೆ ಎಲ್ಲರಿಗೂ ಒಂದೇ. ಹೆಸರಿನ ಜಾಗಕ್ಕೆ ಒಂದು ವೇರಿಯಬಲ್, ಅಂದರೆ ಆಮೇಲೆ ತುಂಬುವ ಖಾಲಿ ಜಾಗ; ಅದರ ಬೆನ್ನಿಗೆ ಅಣ್ಣ, ಅಕ್ಕ ಎನ್ನಲು ಇನ್ನೊಂದು. "ಹ್ವಾಯ್, ಬರೀ ಹೆಸರ್ ಹಿಡ್ದ್ ಕರದ್ರೆ ಯಾರ್ ಬತ್ರ್?" ಎಂದು ಗಿರಾಕಿಗಳನ್ನು ಗದರುತ್ತಾರೆ. ಊಟಕ್ಕೆ ಕುಳಿತರೂ ಅನ್ನದಲ್ಲಿ ಗುಂಡಿ ಮಾಡಿ, "ಜಾಗ ಖಾಲಿ ಇತ್ತ್" ಎಂದು ಸಾರಿಗೆ ಕೂಗುತ್ತಾರೆ. ಯಾವ ಒಕ್ಕಣೆಯಲ್ಲಾದರೂ ಸರಿ ಬರುತ್ತದೆಯೇ ಎಂದು ಮೊದಲು ತುಂಬಿ ನೋಡುವ ಹೆಸರು ಮಾತ್ರ ಒಂದೇ: ವೈಕುಂಠಣ್ಣ. ಬಾವಿಯ ಪಾಲಿನ ಜಗಳದಲ್ಲಿ ಮಾತು ಬಿಟ್ಟು ಬಿಜೂರಿನಲ್ಲಿರುವ ಸ್ವಂತ ಅಣ್ಣ. ಮೊನ್ನೆ ತಮ್ಮದೇ ಮಗಳ ಮದುವೆಗೂ "ವೈಕುಂಠಣ್ಣ, ನೀವೇ ನಿಂತು ನಡೆಸಿಕೊಡಬೇಕು" ಎಂದು ಪರದೆಯ ಮೇಲೆ ಮೂಡಿತು. "ಇದೊಂದ್ ಕಳ್ಸಿ ಕಾಂಬ" ಎಂದರು ಹೆಂಡತಿ ವೇದಾವತಿ. "ಅದ್ ಬರೀ ಪರೀಕ್ಷೆಗೆ ಹಾಕಿದ್ದ್ ಮಾರಾಯ್ತಿ" ಎಂದವರು ಅಣ್ಣನ ಹೆಸರು ಅಳಿಸಿ ಊರಿಗೆಲ್ಲ ಕಳಿಸಿದರು. ಧಾರೆಯ ದಿನ ಮಂಟಪದ ಎದುರಿನ ಒಂದು ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಲು ಬಿಡಲಿಲ್ಲ.